ಒಂದು ಅಕ್ಷರದಿಂದ ನಿಂತ ರಿಜಿಸ್ಟ್ರೇಶನ್

ಬಿ.ಎಸ್ಸಿ. ಮೊದಲ ಸೆಮಿಸ್ಟರ್ ರಿಜಿಸ್ಟ್ರೇಶನ್‌ಗೆ ಎಬಿಸಿ ಐಡಿ ಕೇಳಿದರು. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ನಂಬರ್ ಇದು. ಪಾಸಾದ ವಿಷಯಗಳ ಕ್ರೆಡಿಟ್, ಅಂದರೆ ಕಲಿಕೆಯ ಲೆಕ್ಕ, ಇದರಲ್ಲೇ ಜಮೆಯಾಗುತ್ತದೆ. ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್‌ನಲ್ಲಿ ಐದೇ ನಿಮಿಷದಲ್ಲಿ ಐಡಿ ಸಿಕ್ಕಿತು. ಆದರೆ ಕಾಲೇಜಿನ ಅರ್ಜಿ ಮುಂದೆ ಹೋಗಲೇ ಇಲ್ಲ. ಹೆಸರು ಹೊಂದುತ್ತಿಲ್ಲ ಎಂದು ಬಂತು.

ಎರಡು ದಿನ ಸುಮ್ನೆ ಅರ್ಜಿಯನ್ನೇ ಮತ್ತೆ ಮತ್ತೆ ತುಂಬಿದೆ. ಕೊನೆಗೆ ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿದೆ. ಆಧಾರ್‌ನ ಇಂಗ್ಲಿಷ್ ಹೆಸರಲ್ಲಿ ಒಂದು 'ಎಚ್' ಬಿಟ್ಟುಹೋಗಿತ್ತು! ಡಿಜಿಲಾಕರ್ ಹೆಸರನ್ನು ತೆಗೆದುಕೊಳ್ಳುವುದು ಆಧಾರ್‌ನಿಂದಲೇ ಅಲ್ವಾ, ಅದೇ ತಪ್ಪು ಎಬಿಸಿ ಐಡಿಗೂ ಬಂದಿತ್ತು.

ಪ್ಯಾನ್ ಕಾರ್ಡ್‌ನಲ್ಲಿ ಹೆಸರು ಸರಿಯಾಗಿತ್ತು. ಅದನ್ನೇ ದಾಖಲೆಯಾಗಿ ಕೊಟ್ಟು ಆಧಾರ್ ತಿದ್ದಿಸಿದೆ. ಇಲ್ಲಿ ಜಾಗ್ರತೆ ಬೇಕು: ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ. ಕೌಂಟರ್ ಬಿಡುವ ಮುಂಚೆ ಸ್ವೀಕೃತಿ ಚೀಟಿಯಲ್ಲಿ ಪ್ರತಿ ಅಕ್ಷರ ನೋಡಿಕೊಳ್ಳಿ.

ತಿದ್ದುಪಡಿ ಆದಮೇಲೆ ಡಿಜಿಲಾಕರ್‌ನಲ್ಲೂ ವಿವರ ಹೊಸದಾಗಿಸಿದೆ. ಇನ್ನೊಂದು ಐಡಿ ಮಾಡಿಕೊಳ್ಳಲು ಹೋಗಲಿಲ್ಲ, ಕ್ರೆಡಿಟ್ ಎಲ್ಲ ಒಂದೇ ಕಡೆ ಇರಬೇಕು. ತಿದ್ದುಪಡಿ ಆಗುವವರೆಗೆ ಕಾಲೇಜಿನ ಆಫೀಸಿಗೆ ಸ್ವೀಕೃತಿಯ ಪ್ರತಿ ಕೊಟ್ಟು ಸಮಯ ಕೇಳಿದ್ದೆ. ಡಿಜಿಲಾಕರ್ ವಿವರ ಹೊಸದಾದ ಮರುದಿನ ಅರ್ಜಿ ಸಲ್ಲಿಕೆಯಾಯಿತು.