ಸಗಣಿ ಇಲ್ಲದ ಗೋಬರ್ ಗ್ಯಾಸನ್ನು ಮಲಾವಿಗೆ ಒಯ್ಯುವುದು ಹೇಗೆ?

ಪುಣೆಯ ಕರ್ವೆ ರೋಡಿನ ಒಂದು ಗಲ್ಲಿಯಲ್ಲಿ ನಮ್ಮ ಮಾವನ ಹೋಟೆಲಿದೆ. ಊರು ಕುಂದಾಪುರದ ಕಡೆ. ಆದರೆ ಇಲ್ಲಿ ಇಡ್ಲಿ ಮಾರುವವರಿಗೆಲ್ಲ ಒಂದೇ ಹೆಸರು, ಅಣ್ಣಾ. ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಜಾಗದ ಪಕ್ಕ ಎರಡು ಕಪ್ಪು ನೀರಿನ ಟ್ಯಾಂಕ್‌ಗಳಿವೆ. ದೊಡ್ಡದರೊಳಗೆ ಚಿಕ್ಕದು ಬೋರಲಾಗಿ ಕೂತಿದೆ. ಉಳಿದ ಅನ್ನ, ಹುಳಿ ಹೆಚ್ಚಾದ ದೋಸೆ ಹಿಟ್ಟು, ತಟ್ಟೆಯಲ್ಲಿ ಬಿಟ್ಟ ಉಪ್ಪಿಟ್ಟು ಎಲ್ಲವನ್ನೂ ರುಬ್ಬಿ, ನೀರು ಸೇರಿಸಿ ಬೆಳಿಗ್ಗೆ ಪೈಪಿಗೆ ಸುರಿದರೆ ಸಂಜೆ ಹೊತ್ತಿಗೆ ಒಳಗೆ ಗ್ಯಾಸ್ ತುಂಬಿ ಮೇಲಿನ ಟ್ಯಾಂಕ್ ಮೆಲ್ಲಗೆ ಮೇಲೆದ್ದಿರುತ್ತದೆ. ಹೋಟೆಲಿನ ಒಲೆಗಳೆಲ್ಲ ಈ ಗ್ಯಾಸಿನಲ್ಲಿ ಉರಿಯುವುದಿಲ್ಲ ಬಿಡಿ. ಹುಡುಗರ ಚಹಾ, ಸ್ನಾನದ ನೀರು, ಅಷ್ಟು ಆಗುತ್ತದೆ.

ಹತ್ತಿರದ ಕಾಲೇಜಿನಲ್ಲಿ ಓದುವ, ಆಫ್ರಿಕಾದ ಮಲಾವಿ ದೇಶದ ಹುಡುಗನೊಬ್ಬ ದಿನಾ ಮಸಾಲೆ ದೋಸೆಗೆ ಬರುತ್ತಾನೆ. ಒಂದು ದಿನ ಕೈ ತೊಳೆಯಲು ಹಿಂದೆ ಹೋದವನು ಟ್ಯಾಂಕ್ ನೋಡಿ ಅಲ್ಲೇ ನಿಂತ. ಇದನ್ನು ನಮ್ಮೂರಿಗೆ ಒಯ್ಯುವುದು ಹೇಗೆ ಅಂತ ಕೇಳಿದ. ಮಾವ ನನ್ನ ಕಡೆ ತಿರುಗಿ, "ಅದಕ್ಕೆಂತ ಮಾರಾಯ, ಎರಡು ಟ್ಯಾಂಕ್, ಅಂಚು ಕೊಯ್ಯಲು ಒಂದು ಗರಗಸ ಸಾಕು ಅಂತ ಹೇಳು" ಅಂದರು. ಹೇಳಿದೆ. ಆಮೇಲೆ ನಾಲ್ಕೈದು ಭಾನುವಾರ ಇಬ್ಬರೂ ಕೂತು ಹುಡುಕಿದಾಗ ಗೊತ್ತಾಯಿತು, ಗರಗಸಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸುಮಾರಿದೆ ಅಂತ. ಅದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮದು ಸೋಲಾರ್ ಪಂಪ್ ಆಗಿರಲಿ, ಹೊಗೆ ಕಡಿಮೆ ಇರುವ ಒಲೆಯಾಗಿರಲಿ, ಅಂಥ ದೇಶಕ್ಕೆ ಒಯ್ಯುವ ದಾರಿ ಹೆಚ್ಚುಕಡಿಮೆ ಇದೇ.

ಮೊದಲು, ಅಲ್ಲಿ ಏನು ಕೊಳೆಯುತ್ತದೆ ಕೇಳಿ

ನಾನು ನೇರವಾಗಿ ಡ್ರಾಯಿಂಗ್‌ಗೆ ಕೈ ಹಾಕಿದ್ದೆ. ಹುಡುಗ ತಡೆದ. ಅವರ ಮುಖ್ಯ ಊಟ ಜೋಳದ ಹಿಟ್ಟಿನ ಗಟ್ಟಿ ಗಂಜಿ, ಎನ್ಸಿಮಾ ಅಂತಾರೆ. ಮೆಕ್ಕೆಜೋಳದ್ದು, ನಮ್ಮ ಮುದ್ದೆಯ ದಾಯಾದಿ. "ನಮ್ಮ ಮನೆಯಲ್ಲಿ ಅದು ಉಳಿಯೋದೇ ಇಲ್ಲ" ಅಂದ. ಅಲ್ಲಿಗೆ ಮನೆಮನೆಗೊಂದು ಟ್ಯಾಂಕ್ ಅನ್ನುವ ನನ್ನ ಯೋಜನೆ ಮುಗಿಯಿತು. ಮತ್ತೆ ಏನಿದೆ? ಸಂತೆಯಲ್ಲಿ ಕೊಳೆಯುವ ಮಾವು, ಬಾಳೆ ಇದೆ. ಶಾಲೆ, ಹಾಸ್ಟೆಲುಗಳ ಅಡುಗೆಮನೆ ಇದೆ. ಹಾಗಾದರೆ ಟ್ಯಾಂಕ್ ಇಡುವ ಜಾಗ ಸಂತೆಯ ಪಕ್ಕ, ಹಿತ್ತಲಲ್ಲಿ ಅಲ್ಲ.

ಹವಾಮಾನವನ್ನೂ ನೋಡಿ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 30ರಿಂದ 37 ಡಿಗ್ರಿ ಬಿಸಿ ಇಷ್ಟ. ಪುಣೆಯ ಡಿಸೆಂಬರಿನಲ್ಲೇ ನಮ್ಮ ಟ್ಯಾಂಕ್ ಸೋಮಾರಿಯಾಗುತ್ತದೆ. ಮಲಾವಿಯಲ್ಲಿ ಚಳಿಗಾಲ ಜೂನ್, ಜುಲೈ.

ಇದು ಯಾರ ಆಸ್ತಿ?

ಈ ಎರಡು ಟ್ಯಾಂಕಿನ ವಿನ್ಯಾಸ ಹಳ್ಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವ, ಪುಣೆಯ ಆರ್ಟಿ ಸಂಸ್ಥೆಯದು. ರೂಪಿಸಿದವರು ಡಾ. ಆನಂದ ಕರ್ವೆ, ನಮ್ಮ ಗಲ್ಲಿಯ ಹೊರಗಿನ ರಸ್ತೆಗೆ ಹೆಸರು ಕೊಟ್ಟ ಮಹರ್ಷಿ ಕರ್ವೆಯವರ ಮೊಮ್ಮಗ. ಸಗಣಿ ಬೇಡ, ಪಿಷ್ಟ ಮತ್ತು ಸಕ್ಕರೆ ಇರುವ ಕಸ ಸಾಕು ಅನ್ನುವುದು ಅವರ ಹೊಸ ಮಾತು. ಅಂಥ 2 ಕಿಲೋ ಕಸ ಒಂದೇ ದಿನದಲ್ಲಿ ಸುಮಾರು ಅರ್ಧ ಕಿಲೋ ಮೀಥೇನ್, ಅಂದರೆ ಉರಿಯುವ ಗ್ಯಾಸ್, ಕೊಡುತ್ತದೆ, ಅಷ್ಟಕ್ಕೇ 40 ಕಿಲೋ ಸಗಣಿ ಮತ್ತು 40 ದಿನ ಬೇಕು ಅನ್ನುವುದು ಅವರ ಲೆಕ್ಕ. 2006ರಲ್ಲಿ ಇದಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಮುಂಬೈನ ಟ್ರಾಂಬೆಯಲ್ಲಿರುವ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯ ನಿಸರ್ಗಋಣ ಎಂಬ ಗ್ಯಾಸ್ ಘಟಕ ಬೇರೆ ಜಾತಿ. ಅದು ದೊಡ್ಡದು, ಅವರೊಂದಿಗೆ ಒಪ್ಪಂದ ಮಾಡಿಕೊಂಡು ಶುಲ್ಕ ಕಟ್ಟಿಯೇ ತಂತ್ರಜ್ಞಾನ ಪಡೆಯಬೇಕು.

ಪೇಟೆಂಟ್ ಅಂದ ಕೂಡಲೇ ಹೆದರುವವರೇ ಜಾಸ್ತಿ. ಆದರೆ ಪೇಟೆಂಟ್ ನಡೆಯುವುದು ಪಡೆದ ದೇಶದಲ್ಲಿ ಮಾತ್ರ, ಅದೂ 20 ವರ್ಷ. ಭಾರತದಲ್ಲಿ ಪೇಟೆಂಟ್ ಇದ್ದು ಮಲಾವಿಯಲ್ಲಿ ಇಲ್ಲದಿದ್ದರೆ ಅಲ್ಲಿ ಮಾಡಿ ಬಳಸುವುದಕ್ಕೆ ಅಡ್ಡಿಯಿಲ್ಲ. ಪೇಟೆಂಟ್‌ನಂಥ ಹಕ್ಕುಗಳನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ವೈಪೋ ಸಂಸ್ಥೆಯ ಪೇಟೆಂಟ್‌ಸ್ಕೋಪ್ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಆಫ್ರಿಕಾದ ಹಲವು ದೇಶಗಳಿಗೆ ಸೇರಿ ಜಿಂಬಾಬ್ವೆಯ ಹರಾರೆಯಲ್ಲಿ ಆರಿಪೋ ಅಂತ ಪೇಟೆಂಟ್ ಕಚೇರಿ ಇದೆ, ಮಲಾವಿ ಅದರ ಸದಸ್ಯ. ಎರಡೂ ಕಡೆ ನೋಡಿ. ಕಾನೂನಿನ ಅಡ್ಡಿ ಇರಲಿ ಬಿಡಲಿ, ವಿನ್ಯಾಸ ಮಾಡಿದವರಿಗೆ ಒಂದು ಪತ್ರ ಬರೆಯಿರಿ. ಕಾಗದದಲ್ಲಿ ಇಲ್ಲದ ನೂರು ಸಂಗತಿ ಅವರಿಗೆ ಗೊತ್ತಿರುತ್ತದೆ.

ಅರ್ಜಿ ಹೊರಡಬೇಕಾದದ್ದು ಅಲ್ಲಿಂದ

ಎಷ್ಟೋ ಜನ ಎಡವುವುದು ಇಲ್ಲೇ. ಪುಣೆಯಲ್ಲಿ ಕೂತು ನಾನು ನೆರವು ಕೇಳಿ ಎಷ್ಟು ಚಂದದ ಪತ್ರ ಬರೆದರೂ ಉಪಯೋಗ ಇಲ್ಲ. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಕೆಳಗೆ, 2010ರ ಕಾನ್‌ಕುನ್ ಸಭೆಯಲ್ಲಿ ತೀರ್ಮಾನವಾಗಿ, ಸಿಟಿಸಿಎನ್ ಅನ್ನುವ ಹವಾಮಾನ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದೆ. ಬಡ ದೇಶಗಳು ಕೇಳಿದರೆ ತಜ್ಞರನ್ನು ಒದಗಿಸುವುದು, ಯೋಜನೆ ಮಾಡಿಕೊಡುವುದು, ತರಬೇತಿ ಕೊಡುವುದು ಇದರ ಕೆಲಸ. ಕೇಳಿದ ದೇಶಕ್ಕೆ ಖರ್ಚಿಲ್ಲ. ಒಂದು ಕೋರಿಕೆಗೆ ಗರಿಷ್ಠ 2.5 ಲಕ್ಷ ಡಾಲರ್ ಬೆಲೆಯ ನೆರವು ಸಿಗುತ್ತದೆ, ಆದರೆ ದುಡ್ಡನ್ನು ಕೈಗೆ ಕೊಡುವುದಿಲ್ಲ, ಕೆಲಸ ಮಾಡಿಸಿ ಕೊಡುತ್ತಾರೆ.

ಕೋರಿಕೆ ಮಾತ್ರ ಈ ಕೆಲಸಕ್ಕೆಂದು ಆಯಾ ದೇಶದ ಸರ್ಕಾರ ಗೊತ್ತುಮಾಡಿದ, ಎನ್‌ಡಿಇ ಎಂದು ಕರೆಯುವ ಕಚೇರಿಯ ಸಹಿ ಹೊತ್ತೇ ಹೋಗಬೇಕು. ಹಾಗಾಗಿ ಹುಡುಗನಿಗೆ ಹೇಳಿದೆ: ನಿಮ್ಮೂರಿನ ಒಂದು ಕಾಲೇಜನ್ನೋ ಸಂಘವನ್ನೋ ಮುಂದಿಟ್ಟುಕೋ, ಅವರ ಹೆಸರಲ್ಲಿ ಅರ್ಜಿ ಬರಲಿ. ಅರ್ಜಿಯಲ್ಲಿ ಮೊದಲು ಟ್ಯಾಂಕಿನ ಹೊಗಳಿಕೆ ಬೇಡ. ಸಂತೆಯಲ್ಲಿ ದಿನಕ್ಕೆ ಎಷ್ಟು ಕಿಲೋ ಹಣ್ಣು ಕೊಳೆಯುತ್ತದೆ, ಪಕ್ಕದ ಶಾಲೆಯ ಅಡುಗೆಗೆ ಎಷ್ಟು ಇದ್ದಿಲು ಬೇಕು, ಅದನ್ನು ಬರೆಯಿರಿ. ತಕ್ಕಡಿ ಹಿಡಿದು ಒಂದು ವಾರ ತೂಗಿದರೆ ಸಾಕು. ಅವನ ತಂಗಿ ಈಗ ಅದನ್ನೇ ಮಾಡುತ್ತಿದ್ದಾಳೆ.

ಟ್ಯಾಂಕ್ ಕಳಿಸಬೇಡಿ, ಕೈ ಪಳಗಿಸಿ

ಖಾಲಿ ಟ್ಯಾಂಕನ್ನು ಹಡಗಿನಲ್ಲಿ ಕಳಿಸುವುದೆಂದರೆ ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ನೀರಿನ ಟ್ಯಾಂಕ್ ಅಲ್ಲೂ ಸಿಗುತ್ತದೆ. ಹೋಗಬೇಕಾದದ್ದು ಅದನ್ನು ನಡೆಸುವ ಹದ.

ಹದ ಅಂದರೆ ಏನು? ನಮ್ಮದೇ ಕಥೆ ಕೇಳಿ. ಒಂದು ಮದುವೆ ಆರ್ಡರ್ ಮುಗಿದ ಮೇಲೆ ಉಳಿದ ಜಾಮೂನಿನ ಪಾಕವನ್ನೆಲ್ಲ ಹುಡುಗರು ಟ್ಯಾಂಕಿಗೆ ಸುರಿದುಬಿಟ್ಟರು. ಸಕ್ಕರೆ ಅಲ್ವಾ, ಗ್ಯಾಸ್ ಚೆನ್ನಾಗಿ ಬರುತ್ತೆ ಅಂತ ಅವರ ಲೆಕ್ಕ. ಎರಡು ದಿನ ಟ್ಯಾಂಕ್ ಎತ್ತರಕ್ಕೆ ಎದ್ದಿತು, ಬೆಂಕಿ ಮಾತ್ರ ಹತ್ತಲಿಲ್ಲ. ಒಳಗೆಲ್ಲ ಹುಳಿಯಾಗಿ ಮೀಥೇನ್ ಮಾಡುವ ಜೀವಿಗಳು ಸುಸ್ತಾಗಿದ್ದವು, ಬರುತ್ತಿದ್ದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ವಾಸನೆಗೆ ಹಿಂದಿನ ಸೊಸೈಟಿಯವರು ಜಗಳಕ್ಕೆ ಬಂದರು. ನಮಗೆ ಘಟಕ ಮಾರಿದ ಪುಣ್ಯಾತ್ಮ ಫೋನ್ ಎತ್ತಲಿಲ್ಲ. ಕೊನೆಗೆ ಮಾವನೇ, ಜ್ವರದವನಿಗೆ ಊಟ ನಿಲ್ಲಿಸುವ ಹಾಗೆ, ಟ್ಯಾಂಕಿಗೆ ಏನೂ ಹಾಕದೆ ಸುಮ್ನೆ ಬಿಟ್ಟು, ಸ್ವಲ್ಪ ಸುಣ್ಣದ ತಿಳಿ, ಎರಡು ಬಕೆಟ್ ಸಗಣಿ ನೀರು ಹಾಕಿ ದಾರಿಗೆ ತಂದರು. ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು. ಇನ್ನೊಂದು ಸಂಗತಿ, ಸಿಲಿಂಡರಿನ ಒಲೆಯನ್ನು ಹಾಗೇ ಜೋಡಿಸಿದರೆ ಉರಿಯುವುದಿಲ್ಲ. ಈ ಗ್ಯಾಸಿಗೆ ಒತ್ತಡವೂ ಕಡಿಮೆ, ಕಾವೂ ಕಡಿಮೆ. ಒಲೆಗೆ ಗ್ಯಾಸ್ ಬರುವ ಜೆಟ್ಟಿನ ತೂತು ದೊಡ್ಡದು ಮಾಡಬೇಕು.

ಇದನ್ನೆಲ್ಲ ಕಲಿಯಲು ಅಲ್ಲಿಂದ ಇಬ್ಬರು ಇಲ್ಲಿಗೆ ಬಂದರೆ ಒಳ್ಳೆಯದು. ಅದಕ್ಕೆ ಭಾರತ ಸರ್ಕಾರದ ಐಟೆಕ್ ಅನ್ನುವ ತರಬೇತಿ ಯೋಜನೆ ಇದೆ, 1964ರಿಂದ ನಡೆಯುತ್ತಿದೆ. ವಿಮಾನದ ಟಿಕೆಟ್, ವಸತಿ, ಶುಲ್ಕ ಎಲ್ಲ ನಮ್ಮ ವಿದೇಶಾಂಗ ಇಲಾಖೆಯದು. ಅಭ್ಯರ್ಥಿಯನ್ನು ಅವರ ಸರ್ಕಾರ ಸೂಚಿಸಿ ಅಲ್ಲಿನ ಭಾರತೀಯ ಹೈಕಮಿಷನ್‌ಗೆ ಅರ್ಜಿ ಕೊಡಬೇಕು. ಯಾವ ಕೋರ್ಸುಗಳಿವೆ ಅನ್ನುವುದು ವರ್ಷವರ್ಷಕ್ಕೆ ಬದಲಾಗುತ್ತದೆ, ಪಟ್ಟಿ ನೋಡಿಯೇ ಹಾಕಿ. ರಾಜಸ್ಥಾನದ ತಿಲೋನಿಯಾದಲ್ಲಿ ಬೇರ್‌ಫುಟ್ ಕಾಲೇಜಿಗೆ ಆಫ್ರಿಕಾದ ಹಳ್ಳಿಯ ಹೆಂಗಸರು ಬಂದು ಆರು ತಿಂಗಳಲ್ಲಿ ಸೋಲಾರ್ ದೀಪ ಜೋಡಿಸಿ ರಿಪೇರಿ ಮಾಡುವುದನ್ನು ಕಲಿತದ್ದು ಈ ಯೋಜನೆಯ ದುಡ್ಡಿನಲ್ಲೇ. ಓದು ಬರಹ ಬಾರದ ಅಜ್ಜಿಯರಿಗೂ ತಂತಿಯ ಬಣ್ಣ ತೋರಿಸಿ, ಕೈಸನ್ನೆ ಮಾಡಿ ಕಲಿಸಿದರು.

ಇಷ್ಟು ದೂರ ಬರಲು ಆಗದಿದ್ದರೆ ನೆರೆಮನೆ ನೋಡಿ. ಆರ್ಟಿಯ ವಿನ್ಯಾಸ ಹಿಂದೆಯೇ ತಾಂಜಾನಿಯಾಕ್ಕೆ ಹೋಗಿತ್ತು. ಅದು ಮಲಾವಿಯ ಪಕ್ಕದ ದೇಶ, ಬಸ್ಸಿನ ದಾರಿ.

ದುಡ್ಡು

ಎಲ್ಲರೂ ಮೊದಲು ಹೇಳುವ ಹೆಸರು ಹವಾಮಾನ ಕೆಲಸಗಳ ಜಾಗತಿಕ ನಿಧಿ ಗ್ರೀನ್ ಕ್ಲೈಮೇಟ್ ಫಂಡ್, ದಕ್ಷಿಣ ಕೊರಿಯಾದ ಇಂಚೆಯಾನ್‌ನಲ್ಲಿದೆ. ಅದಕ್ಕೆ ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ಭಾರತದಲ್ಲಿ ಅಂಥವುಗಳಲ್ಲಿ ಒಂದು ಮುಂಬೈನಲ್ಲಿರುವ ಕೃಷಿ ಬ್ಯಾಂಕ್ ನಬಾರ್ಡ್. ಮಲಾವಿಯ ಕೆಲಸಕ್ಕೆ ಅವರ ದೇಶದ ಒಪ್ಪಿಗೆ ಪತ್ರ ಬೇಕು. ಎರಡು ಟ್ಯಾಂಕಿಗೆ ಆ ಬಾಗಿಲು ಬಡಿಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ ಅಂತ ನನಗನ್ನಿಸುತ್ತದೆ. ಅದಕ್ಕಿಂತ ಜಾಗತಿಕ ಪರಿಸರ ನಿಧಿ ಜಿಇಎಫ್‌ನ ಸ್ಮಾಲ್ ಗ್ರಾಂಟ್ಸ್ ಪ್ರೋಗ್ರಾಂ ವಾಸಿ. 1992ರಿಂದ ಇದೆ, ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗ ಯುಎನ್‌ಡಿಪಿ ನಡೆಸುತ್ತದೆ, ಊರಿನ ಸಂಘಗಳಿಗೆ ಸಣ್ಣ ಮೊತ್ತ ಕೊಡುತ್ತದೆ, ಬಹುಕಾಲ 50 ಸಾವಿರ ಡಾಲರ್ ಅದರ ಮಿತಿಯಾಗಿತ್ತು.

ದುಡ್ಡು ಕೇಳುವಾಗ ದಾನ ಬೇಡುವ ಧಾಟಿ ಬೇಡ. 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಓಜೋನ್ ಪದರ ತೂತು ಮಾಡುವ ಅನಿಲಗಳ ಬಳಕೆ ನಿಲ್ಲಿಸಬೇಕು ಅಂದಾಗ, ಹೊಸ ಯಂತ್ರಕ್ಕೆ ತಗಲುವ ಹೆಚ್ಚುವರಿ ಖರ್ಚನ್ನು ಶ್ರೀಮಂತ ದೇಶಗಳೇ ಕೊಡಲಿ ಅಂತ 1991ರಲ್ಲಿ ಬೇರೆ ನಿಧಿಯೇ ಶುರುವಾಯಿತು. ಭಾರತದ ಫ್ರಿಜ್ ರಿಪೇರಿಯವರಿಗೆ ಹೊಸ ಅನಿಲದ ತರಬೇತಿ ಸಿಕ್ಕಿದ್ದೂ ಅದರಿಂದಲೇ. ನಿಮ್ಮ ಅರ್ಜಿಯಲ್ಲೂ ಹಾಗೇ ಬರೆಯಿರಿ: ಇದ್ದಿಲಿನ ಒಲೆಗೆ ಇಷ್ಟು, ಗ್ಯಾಸ್ ಘಟಕಕ್ಕೆ ಇಷ್ಟು, ನಡುವಿನ ವ್ಯತ್ಯಾಸ ಇಷ್ಟು. ಜೊತೆಗೆ ಎರಡು ವರ್ಷದ ರಿಪೇರಿಗೆ ಒಂದು ಸಾಲು ಇರಲೇಬೇಕು. ವಾಲ್ವ್, ರಬ್ಬರ್ ಪೈಪು, ಊರಲ್ಲೇ ಇರುವ ಒಬ್ಬ ಪ್ಲಂಬರಿನ ಸಂಬಳ. ಫೋನ್ ಎತ್ತುವವನು ಬೇಕಲ್ಲ.

ಹುಡುಗ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದಾನೆ. ಎನ್‌ಡಿಇ ಸಹಿ ಇನ್ನೂ ಬಂದಿಲ್ಲ. ಮೊನ್ನೆ ಮಾವನ ವಾಟ್ಸಾಪಿಗೆ ಎರಡು ಟ್ಯಾಂಕಿನ ಫೋಟೋ ಕಳಿಸಿದ್ದ, ಒಂದು ಕಪ್ಪು, ಒಂದು ಹಸಿರು. ಅಂಚು ಕೊಯ್ಯಲು ಯಾವ ಗರಗಸ ಅಂತ ಕೇಳಿದ್ದಾನೆ.