ಡ್ಯಾಶ್‌ಬೋರ್ಡ್ ಮಾಪಕದಿಂದ ಕಾರಿನ ಅಶ್ವಶಕ್ತಿಯನ್ನು ಸರಿಯಾಗಿ ಅಳೆಯುವುದು ಹೇಗೆ?

ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಮಾಡಿಸಿದವರಿಗೂ, ಹೊಸ ಎಕ್ಸಾಸ್ಟ್ ಹಾಕಿಸಿದವರಿಗೂ, ಹಳೆಯ ಕಾರು ಕೊಂಡವರಿಗೂ ಕಾಡುವ ಪ್ರಶ್ನೆ ಒಂದೇ: ಈ ಕಾರಿನ ಅಶ್ವಶಕ್ತಿ ಈಗ ನಿಜಕ್ಕೂ ಎಷ್ಟು? ಕಾರನ್ನು ಡೈನೊ ಎಂಬ ಶಕ್ತಿ ಅಳೆಯುವ ಯಂತ್ರದ ಉರುಳೆಗಳ ಮೇಲೆ ಹತ್ತಿಸಿದರೆ ಉತ್ತರ ಸಿಗುತ್ತದೆ. ಅಷ್ಟು ದೂರ ಹೋಗಲಾರದವರಿಗೆಂದೇ ಜಿ-ಟೆಕ್‌ನಂಥ ಪುಟ್ಟ ಉಪಕರಣಗಳಿವೆ. ವಿಂಡ್‌ಶೀಲ್ಡ್‌ಗೋ ಡ್ಯಾಶ್‌ಬೋರ್ಡ್‌ಗೋ ಅಂಟಿಸಿ, ಲೈಟರ್ ಸಾಕೆಟ್‌ನಿಂದ ವಿದ್ಯುತ್ ಕೊಟ್ಟು, ಕಾರನ್ನು ಒಮ್ಮೆ ಜೋರಾಗಿ ಓಡಿಸಿದರೆ ಪರದೆಯ ಮೇಲೆ ಅಂಕಿ ಮೂಡುತ್ತದೆ. ಕೆಲವು ಮೊಬೈಲ್ ಆ್ಯಪ್‌ಗಳೂ ಇದೇ ಕೆಲಸ ಮಾಡುತ್ತವೆ.

ಮೂಡಿದ ಅಂಕಿ ಸರಿಯೇ ಎಂಬುದು ಬೇರೆ ಮಾತು. ಒಂದೇ ಕಾರು ಬೆಳಿಗ್ಗೆ 80 ತೋರಿಸಿ ಮಧ್ಯಾಹ್ನ 95 ತೋರಿಸಿದರೆ ಬಳಸುವವರು ಉಪಕರಣವನ್ನು ಬೈಯುತ್ತಾರೆ. ಪಾಪ, ಅದಕ್ಕೆ ತಿಳಿಯುವುದು ವೇಗೋತ್ಕರ್ಷ, ಅಂದರೆ ವೇಗ ಹೆಚ್ಚುವ ದರ, ಒಂದೇ. ಕಾರಿನ ತೂಕ, ರಸ್ತೆಯ ಏರಿಳಿತ, ಗಾಳಿಯ ತಡೆ ಇವೆಲ್ಲ ನೀವು ಹೇಳಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಳಗಿನ ಲೆಕ್ಕ

ತೂಕವನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ, ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ಚಾಲಕನೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 22.2 ಮೀಟರ್. ಆ ಕ್ಷಣದಲ್ಲಿ ಅದರ ವೇಗ ಪ್ರತಿ ಸೆಕೆಂಡಿಗೆ 2 ಮೀಟರ್‌ನಂತೆ ಹೆಚ್ಚುತ್ತಿದೆ ಎನ್ನೋಣ. ಬಲ 2,400 ನ್ಯೂಟನ್, ಸಾಮರ್ಥ್ಯ ಸುಮಾರು 53.3 ಕಿಲೋವ್ಯಾಟ್. ಒಂದು ಅಶ್ವಶಕ್ತಿಗೆ 745.7 ವ್ಯಾಟ್ ಹಿಡಿದರೆ 71.5. ಯುರೋಪಿನ ಮೆಟ್ರಿಕ್ ಅಶ್ವಶಕ್ತಿ 735.5 ವ್ಯಾಟ್ ಮಾತ್ರ. ಅದರಲ್ಲಿ ಇದೇ ಕಾರು 72.5. ಉಪಕರಣದ ಸೆಟ್ಟಿಂಗ್‌ನಲ್ಲಿ ಯಾವುದಿದೆ ಎಂದು ಮೊದಲೇ ನೋಡಿಕೊಂಡರೆ ಒಂದು ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಈ ಉದಾಹರಣೆಯ ಕಾರನ್ನೇ ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ.

ಮೊದಲು ತೂಕ

ತೂಕದಲ್ಲಿ ನೂರಕ್ಕೆ ಎಷ್ಟು ತಪ್ಪೋ ಅಶ್ವಶಕ್ತಿಯಲ್ಲೂ ನೂರಕ್ಕೆ ಅಷ್ಟೇ ತಪ್ಪು. ಕೈಪಿಡಿಯಲ್ಲಿ ಅಚ್ಚಾದ ತೂಕವನ್ನು ಹಾಗೆಯೇ ತುಂಬಬೇಡಿ. ಕೆಲವು ಲೆಕ್ಕಗಳಲ್ಲಿ 75 ಕಿಲೋಗ್ರಾಂನ ಚಾಲಕ ಸೇರಿರುತ್ತಾನೆ, ಕೆಲವುಗಳಲ್ಲಿ ಇರುವುದಿಲ್ಲ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ, ಜ್ಯಾಕ್, ಡಿಕ್ಕಿಯಲ್ಲಿ ಮರೆತುಹೋದ ಸಾಮಾನು ಬೇರೆ. ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ನೀವು ಕುಳಿತಿರುವಾಗಲೇ ಕಾರನ್ನು ತೂಗಿಸುವುದು ಎಲ್ಲಕ್ಕಿಂತ ಮೇಲು. ಅಲ್ಲಿ ಹತ್ತಿಪ್ಪತ್ತು ಕಿಲೋ ಹೆಚ್ಚುಕಡಿಮೆಯಾದರೂ ಊಹೆಗಿಂತ ವಾಸಿ.

ತೂಗಿಸಿದ ದಿನ ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು ಎಂದು ಬರೆದಿಡಿ. 40 ಲೀಟರ್ ಪೆಟ್ರೋಲ್ ಸುಮಾರು 30 ಕಿಲೋ ತೂಗುತ್ತದೆ. ನಮ್ಮ ಕಾರಿನಲ್ಲಿ ಅಷ್ಟೇ ಸುಮಾರು 2 ಅಶ್ವಶಕ್ತಿಯ ಫರಕು ತರುತ್ತದೆ. ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡು ಅವನ ತೂಕ ಸೇರಿಸದೇ ಹೋದರೆ 4 ಅಶ್ವಶಕ್ತಿ ಕಾಣೆಯಾಗುತ್ತದೆ.

ಅಂಟಿಸುವುದು, ಸೊನ್ನೆಗೆ ತರುವುದು

ಬಹುಪಾಲು ಜನ ಉಪಕರಣ ನೇರವಾಗಿ ಮುಂದಕ್ಕೆ ನೋಡುತ್ತಿದೆಯೇ ಎಂದು ತಲೆಕೆಡಿಸಿಕೊಳ್ಳುತ್ತಾರೆ. ಎಡಕ್ಕೋ ಬಲಕ್ಕೋ 5 ಡಿಗ್ರಿ ಸೊಟ್ಟಗಿದ್ದರೆ ನಷ್ಟ ನೂರಕ್ಕೆ ಅರ್ಧವೂ ಇಲ್ಲ. ತಲೆಕೆಡಿಸಿಕೊಳ್ಳಬೇಕಾದದ್ದು ಅದು ಅಲುಗಾಡುವುದರ ಬಗ್ಗೆ. ಒಳಗಿರುವ ಚಿಪ್‌ನಲ್ಲಿ ಸಿಲಿಕಾನ್‌ನ ಅತಿ ಸಣ್ಣ ತುಣುಕೊಂದು ಸ್ಪ್ರಿಂಗ್‌ಗಳ ಮೇಲೆ ತೂಗುತ್ತಿರುತ್ತದೆ. ಕಾರು ಮುಂದಕ್ಕೆ ನುಗ್ಗಿದಾಗ ಅದು ಹಿಂದೆ ಸರಿಯುತ್ತದೆ. ಪೆಟ್ಟಿಗೆಯ ಮೂತಿಯನ್ನು ಮೇಲಕ್ಕೆತ್ತಿದರೂ ಗುರುತ್ವದ ಸೆಳೆತಕ್ಕೆ ಅದು ಹಿಂದೆಯೇ ಸರಿಯುತ್ತದೆ. ಈ ಎರಡರ ವ್ಯತ್ಯಾಸ ಚಿಪ್‌ಗೆ ತಿಳಿಯದು. ಒಂದೇ ಒಂದು ಡಿಗ್ರಿ ಮೇಲೆದ್ದರೆ ಸಾಕು, ಸೆಕೆಂಡಿಗೆ 0.17 ಮೀಟರ್‌ನಷ್ಟು ವೇಗೋತ್ಕರ್ಷ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ನಮ್ಮ 2 ಮೀಟರ್‌ನಲ್ಲಿ ಅದು ನೂರಕ್ಕೆ 8ಕ್ಕಿಂತ ಹೆಚ್ಚು.

ಆದ್ದರಿಂದ ಮೃದು ಪ್ಲಾಸ್ಟಿಕ್ಕಿನ ಡ್ಯಾಶ್‌ಬೋರ್ಡ್ ಮೇಲಿನ ಜೆಲ್ ಪ್ಯಾಡ್ ಬೇಡ, ಉದ್ದ ಕತ್ತಿನ ಮೊಬೈಲ್ ಹೋಲ್ಡರ್ ಅಂತೂ ಬೇಡವೇ ಬೇಡ. ಗಾಜನ್ನು ಒರೆಸಿ, ಸಕ್ಷನ್ ಕಪ್ ಬಿಗಿಯಾಗಿ ಕೂರಿಸಿ, ಬೆರಳಿನಿಂದ ತಟ್ಟಿ ನೋಡಿ. ತಟ್ಟಿದಾಗ ನಡುಗಿದರೆ ಓಟದಲ್ಲೂ ನಡುಗುತ್ತದೆ.

ಸೊನ್ನೆಗೆ ತರುವುದೆಂದರೆ ನಿಂತ ಕಾರಿನಲ್ಲಿ ಉಪಕರಣ ತೋರಿಸುವುದನ್ನೇ ಸೊನ್ನೆ ಎಂದು ಗುರುತಿಸುವುದು. ಅಂಟಿಸಿದ ತಕ್ಷಣ ಅದನ್ನು ಮಾಡಬೇಡಿ. ಚಿಪ್ ಬಿಸಿಯಾದಂತೆ ಅದರ ಸೊನ್ನೆ ಸರಿಯುತ್ತದೆ, ಅದರಲ್ಲೂ ಬಿಸಿಲು ಬೀಳುವ ಗಾಜಿನ ಹಿಂದೆ. ವಿದ್ಯುತ್ ಕೊಟ್ಟು ಹದಿನೈದಿಪ್ಪತ್ತು ನಿಮಿಷ ಬಿಡಿ. ಅಷ್ಟರಲ್ಲಿ ಎಂಜಿನ್ ಆಯಿಲ್, ಗೇರ್‌ಬಾಕ್ಸ್, ಟೈರ್‌ಗಳೂ ಬಿಸಿಯಾಗಿರುವಂತೆ ಕಾರನ್ನು ಸುತ್ತಾಡಿಸಿ. ಬಳಿಕ ಓಟ ಶುರುಮಾಡುವ ಜಾಗದಲ್ಲೇ ನಿಂತು, ಎಲ್ಲರೂ ತಮ್ಮ ಸೀಟಿನಲ್ಲಿ ಅಲುಗಾಡದೆ ಕುಳಿತಿರುವಾಗ ಸೊನ್ನೆ ಒತ್ತಿ. ಪ್ರತಿ ಓಟಕ್ಕೂ ಮುನ್ನ ಇದನ್ನು ಮಾಡಿ.

ಜಾಗದ ಆಯ್ಕೆ

ಪೂರ್ಣ ಥ್ರಾಟಲ್‌ನ (ಆಕ್ಸಿಲರೇಟರ್ ಪೂರ್ತಿ ಒತ್ತಿದ) ಓಟ ಸಾರ್ವಜನಿಕ ರಸ್ತೆಯ ಕೆಲಸವಲ್ಲ. ರೇಸ್ ಟ್ರ್ಯಾಕ್, ಅನುಮತಿ ಪಡೆದ ಹಳೆಯ ರನ್‌ವೇ, ಜನ ಬಾರದ ಖಾಸಗಿ ದಾರಿ, ಇಂಥ ಕಡೆ ಮಾತ್ರ. ಪರದೆಯನ್ನು ಚಾಲಕ ನೋಡಬಾರದು. ಅದು ಪಕ್ಕದವರ ಕೆಲಸ, ಅಥವಾ ಓಟ ಮುಗಿದ ಮೇಲಿನ ಕೆಲಸ.

ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆಯಲ್ಲೂ ನೂರು ಮೀಟರ್‌ಗೆ ಒಂದು ಮೀಟರ್‌ನ ಏರು ಅಡಗಿರಬಹುದು. ಆ ಏರಿನ ಮೇಲೆಯೇ ನಿಂತು ಸೊನ್ನೆ ಒತ್ತಿದರೆ ಉಪಕರಣ ಏರನ್ನು ಮರೆತುಬಿಡುತ್ತದೆ. ಏರು ಹತ್ತಲು ಎಂಜಿನ್ ಹಾಕುತ್ತಿರುವ 118 ನ್ಯೂಟನ್ ಲೆಕ್ಕಕ್ಕೆ ಬರುವುದೇ ಇಲ್ಲ, 80 ಕಿ.ಮೀ. ವೇಗದಲ್ಲಿ ಅದು ಮೂರೂವರೆ ಅಶ್ವಶಕ್ತಿ. ಸಮತಟ್ಟಿನಲ್ಲಿ ಸೊನ್ನೆ ಮಾಡಿ ಆಮೇಲೆ ಏರು ಸಿಕ್ಕಿದರೆ ಕಥೆ ಬೇರೆ: ಬಲ ಸರಿಯಾಗಿಯೇ ಬರುತ್ತದೆ, ಆದರೆ ವೇಗೋತ್ಕರ್ಷವನ್ನು ಕೂಡಿಸುತ್ತಾ ಉಪಕರಣ ತಾನೇ ಕಟ್ಟಿಕೊಳ್ಳುವ ವೇಗ ನಿಜಕ್ಕಿಂತ ಹೆಚ್ಚಾಗುತ್ತದೆ. ಎರಡಕ್ಕೂ ಮದ್ದು ಒಂದೇ. ಅದೇ ತುಂಡು ರಸ್ತೆಯಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಹಗುರವಾದ ಎದುರುಗಾಳಿಯ ತಪ್ಪೂ ಇದರಲ್ಲಿ ಬಹುಮಟ್ಟಿಗೆ ಹೋಗುತ್ತದೆ. ಗಾಳಿ ಜೋರಾಗಿದ್ದರೆ ಮನೆಗೆ ಹೋಗಿ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ 10 ಕಿ.ಮೀ.ನ ಎದುರುಗಾಳಿ ಗಾಳಿಯ ತಡೆಯನ್ನು ನೂರಕ್ಕೆ 21ರಷ್ಟು ಹೆಚ್ಚಿಸುತ್ತದೆ.

ಓಟ

ಒಂದನೇ ಗೇರ್ ಅಳತೆಗೆ ಬಾರದು. ಟೈರ್ ಜಾರುತ್ತದೆ, ಮೂತಿ ಏಳುತ್ತದೆ, ಜೊತೆಗೆ ಎಂಜಿನ್‌ನ ಶಕ್ತಿಯಲ್ಲಿ ಗಣನೀಯ ಪಾಲು ಫ್ಲೈವೀಲ್ (ಎಂಜಿನ್‌ಗೆ ಜೋಡಿಸಿದ ಭಾರದ ಗಾಲಿ), ಚಕ್ರ ಮುಂತಾದವನ್ನು ಗಿರಗಿರನೆ ತಿರುಗಿಸುವುದಕ್ಕೇ ಖರ್ಚಾಗುತ್ತದೆ. ಆ ಖರ್ಚು ಉಪಕರಣಕ್ಕೆ ಕಾಣುವುದಿಲ್ಲ. ಗೇರ್ ಮೇಲಕ್ಕೆ ಹೋದಂತೆ ಅದು ತಗ್ಗುತ್ತದೆ. ಜಾಗ ಸಾಕಷ್ಟಿದ್ದರೆ ಮೂರನೇ ಗೇರ್ ಒಳ್ಳೆಯದು, ಇಲ್ಲದಿದ್ದರೆ ಎರಡನೆಯದು. ಯಾವುದಾದರೂ ಸರಿ, ಕೊನೆಯವರೆಗೂ ಅದನ್ನೇ ಹಿಡಿದುಕೊಳ್ಳಿ.

ಜಿಪಿಎಸ್ ಇಲ್ಲದ ಉಪಕರಣ ನಿಂತಲ್ಲಿಂದ ವೇಗವನ್ನು ಎಣಿಸುತ್ತಾ ಬರಬೇಕು. ಆದ್ದರಿಂದ ನಿಂತ ಕಾರನ್ನು ನಯವಾಗಿ ಎಬ್ಬಿಸಿ, ಬೇಗ ಬೇಕಾದ ಗೇರ್‌ಗೆ ಬನ್ನಿ, 2,000 ಆರ್‌ಪಿಎಂ ಆಸುಪಾಸಿನಲ್ಲಿ ಪೆಡಲನ್ನು ನೆಲಕ್ಕೆ ಒತ್ತಿ, ಆರ್‌ಪಿಎಂ ಮೀಟರ್‌ನಲ್ಲಿ ಎಂಜಿನ್‌ನ ಮಿತಿ ತೋರಿಸುವ ಕೆಂಪು ಗೆರೆಯ ಹತ್ತಿರದವರೆಗೂ ಬಿಡದೆ ಹಿಡಿಯಿರಿ. ನಡುವೆ ತಡಮಾಡಬೇಡಿ: ಸೊನ್ನೆಯಲ್ಲಿ ವೇಗೋತ್ಕರ್ಷದ ಲೆಕ್ಕಕ್ಕೆ ಸೆಕೆಂಡಿಗೆ 0.05 ಮೀಟರ್‌ನ ಸಣ್ಣ ತಪ್ಪಿದ್ದರೂ 10 ಸೆಕೆಂಡಿನಲ್ಲಿ ಅದು ಗಂಟೆಗೆ 1.8 ಕಿ.ಮೀ.ನಷ್ಟು ವೇಗದ ತಪ್ಪಾಗಿ ಬೆಳೆಯುತ್ತದೆ. ಆಟೊಮ್ಯಾಟಿಕ್ ಕಾರಾದರೆ ಮ್ಯಾನುಯಲ್ ಮೋಡ್‌ನಲ್ಲಿ ಗೇರನ್ನು ಕಟ್ಟಿಹಾಕಿ. ಎಸಿ ಆರಿಸಿ, ಕಿಟಕಿ ಮುಚ್ಚಿ.

ಗೇರ್ ಬದಲಿಸಿದಾಗಿನ ಜಗ್ಗಾಟದಲ್ಲಿ, ರಸ್ತೆಯ ಉಬ್ಬಿನಲ್ಲಿ ಒಂದು ಕ್ಷಣಕ್ಕೆ ಭಾರೀ ಅಂಕಿ ಮೂಡುತ್ತದೆ. ಉಪಕರಣ ಗರಿಷ್ಠ ಎಂದು ತೋರಿಸುವುದು ಎಷ್ಟೋ ಸಲ ಈ ಸುಳ್ಳು ಶಿಖರವನ್ನೇ. ಗ್ರಾಫ್ ತೆಗೆಯಲು ಸಾಧ್ಯವಿದ್ದರೆ ಅದನ್ನೇ ನೋಡಿ. ನಿಜವಾದ ಶಿಖರ ದುಂಡಗೆ ಏರಿ ದುಂಡಗೆ ಇಳಿಯುತ್ತದೆ, ಮುಳ್ಳಿನಂತೆ ಚೂಪಾಗಿರುವುದಿಲ್ಲ.

ಮೂತಿ ಏಳುವ ತಪ್ಪನ್ನು ಹಿಡಿಯುವುದು

ಉಪಕರಣವನ್ನು ಎಷ್ಟೇ ಗಟ್ಟಿಯಾಗಿ ಅಂಟಿಸಿದರೂ ವೇಗ ಪಡೆಯುವಾಗ ಇಡೀ ಕಾರೇ ಹಿಂದಕ್ಕೆ ಕುಗ್ಗಿ ಮೂತಿ ಎತ್ತುತ್ತದೆ. ಮೃದು ಸಸ್ಪೆನ್ಷನ್ನಿನ ಕಾರುಗಳಲ್ಲಿ ಇದು ಹೆಚ್ಚು. ಉಪಕರಣ ಅಂಕಿಯನ್ನು ಉಬ್ಬಿಸಿ ತೋರಿಸುವುದಕ್ಕೆ, ನನ್ನ ಅಭಿಪ್ರಾಯದಲ್ಲಿ, ಇದಕ್ಕಿಂತ ದೊಡ್ಡ ಕಾರಣವಿಲ್ಲ. ಹಿಡಿಯುವ ದಾರಿಯೂ ಸುಲಭ: ಓಟದ ಕೊನೆಯಲ್ಲಿ ಉಪಕರಣ ಹೇಳುವ ವೇಗವನ್ನು ಜಿಪಿಎಸ್ ವೇಗದ ಜೊತೆ ಹೋಲಿಸಿ. ಸ್ಪೀಡೋಮೀಟರ್ ಜೊತೆ ಹೋಲಿಸಬೇಡಿ. ಯುರೋಪಿನ ನಿಯಮದ ಪ್ರಕಾರ ಅದು ನಿಜಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ಅದೂ ವೇಗದ ನೂರಕ್ಕೆ 10 ಮತ್ತು ಮೇಲೆ 4 ಕಿ.ಮೀ.ವರೆಗೆ.

ಜಿಪಿಎಸ್ 100 ಎಂದಾಗ ಉಪಕರಣ 104 ಎಂದರೆ ವೇಗೋತ್ಕರ್ಷ ಸುಮಾರು ನೂರಕ್ಕೆ 4ರಷ್ಟು ಉಬ್ಬಿದೆ. ಆದರೆ ಅಶ್ವಶಕ್ತಿ ನೂರಕ್ಕೆ 4 ಅಲ್ಲ, 8ರಷ್ಟು ಉಬ್ಬಿರುತ್ತದೆ, ಏಕೆಂದರೆ ಲೆಕ್ಕದಲ್ಲಿ ವೇಗೋತ್ಕರ್ಷವೂ ವೇಗವೂ ಗುಣಿಸಿಕೊಳ್ಳುತ್ತವೆ, ಎರಡರಲ್ಲೂ ತಪ್ಪು ಕುಳಿತಿದೆ. ಕೆಲವು ಉಪಕರಣಗಳಲ್ಲಿ ಈ ಮೂತಿ ಏಳುವಿಕೆಗೆಂದೇ ಒಂದು ಸೆಟ್ಟಿಂಗ್ ಇದೆ. ವೇಗ ಹೊಂದುವವರೆಗೂ ಅದನ್ನು ತಿದ್ದಿ. ಇಲ್ಲದಿದ್ದರೆ ಬಂದ ಅಶ್ವಶಕ್ತಿಯನ್ನು 1.04ರಿಂದ ಎರಡು ಸಲ ಭಾಗಿಸಿ.

ಗಾಳಿ ಮತ್ತು ಟೈರ್ ತಿಂದದ್ದು

71.5 ಎಂಬುದು ಕಾರಿನ ವೇಗ ಹೆಚ್ಚಿಸಲು ಉಳಿದ ಶಕ್ತಿ ಮಾತ್ರ. ಗಾಳಿಯನ್ನು ಸೀಳಲು, ಟೈರ್ ಉರುಳಲು ಖರ್ಚಾದದ್ದು ಅದರಲ್ಲಿಲ್ಲ. ಸಾಧಾರಣ ಗಾತ್ರದ ಕಾರಿಗೆ 80 ಕಿ.ಮೀ. ವೇಗದಲ್ಲಿ ಗಾಳಿಯೊಂದೇ ಸುಮಾರು 6 ಅಶ್ವಶಕ್ತಿ ತಿನ್ನುತ್ತದೆ, 120ರಲ್ಲಿ 20. ಉಪಕರಣಗಳು ಇದಕ್ಕೆ ಒಂದು ಅಂದಾಜು ಸಂಖ್ಯೆ ಕೇಳುತ್ತವೆ. ಬಹಳ ಮಂದಿ ಅಂತರಜಾಲದಲ್ಲಿ ಸಿಕ್ಕಿದ್ದನ್ನು ತುಂಬಿಬಿಡುತ್ತಾರೆ. ಅದನ್ನು ನೀವೇ ಅಳೆಯಬಹುದು.

ಅದೇ ತುಂಡು ರಸ್ತೆ, ಅದೇ ದಿಕ್ಕು. 80ಕ್ಕಿಂತ ಸ್ವಲ್ಪ ಹೆಚ್ಚಿನ ವೇಗಕ್ಕೆ ಹೋಗಿ, ನ್ಯೂಟ್ರಲ್‌ಗೆ ತಂದು, ಬ್ರೇಕ್ ಮುಟ್ಟದೆ ಕಾರು ತಾನಾಗಿ ನಿಧಾನವಾಗಲು ಬಿಡಿ. ಎಂಜಿನ್ ಆರಿಸಬೇಡಿ, ಸ್ಟೀರಿಂಗ್ ಬಿಗಿಯಾಗುತ್ತದೆ. 80 ದಾಟುವಾಗ ವೇಗ ಸೆಕೆಂಡಿಗೆ 0.28 ಮೀಟರ್‌ನಂತೆ ಇಳಿಯುತ್ತಿದ್ದರೆ ಅದೇ ಗಾಳಿ ಮತ್ತು ಟೈರ್‌ನ ಪಾಲು. 2ಕ್ಕೆ 0.28 ಕೂಡಿಸಿ ಮತ್ತೆ ಲೆಕ್ಕ ಹಾಕಿದರೆ 60.8 ಕಿಲೋವ್ಯಾಟ್, ಅಂದರೆ 81.5 ಅಶ್ವಶಕ್ತಿ. ಈ ವಿಧಾನದ ಸೊಗಸೆಂದರೆ ಎರಡು ಓಟಗಳಲ್ಲೂ ಒಂದೇ ಆಗಿರುವ ಏರು, ಗಾಳಿ, ಸೊನ್ನೆಯ ತಪ್ಪು ಒಂದನ್ನೊಂದು ಹೊಡೆದುಹಾಕುತ್ತವೆ.

ಚಕ್ರದ ಅಂಕಿ, ಎಂಜಿನ್ ಅಂಕಿ

81.5 ಎಂಬುದು ಚಕ್ರಗಳಲ್ಲಿ ಸಿಕ್ಕ ಶಕ್ತಿ. ಕಂಪನಿ ಹೇಳುವುದು ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ನಲ್ಲಿ, ಅಂದರೆ ಶಕ್ತಿ ಎಂಜಿನ್‌ನಿಂದ ಹೊರಬರುವ ದಂಡದಲ್ಲಿ, ಅಳೆದದ್ದು. ನಡುವೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳ ನಷ್ಟವಿದೆ. ನೂರಕ್ಕೆ 15 ಎಂದು ಹಿಡಿದು 96 ಎಂದು ಬೀಗುವುದು ವಾಡಿಕೆ. ನಾನು ಹಾಗೆ ಮಾಡುವುದಿಲ್ಲ. ನ್ಯೂಟ್ರಲ್ ಓಟದಲ್ಲಿ ಆ ನಷ್ಟದ ಒಂದು ಭಾಗ ಆಗಲೇ ಲೆಕ್ಕಕ್ಕೆ ಬಂದಿದೆ, ಅದನ್ನೇ ಮತ್ತೆ ಕೂಡಿಸಿದಂತಾಗುತ್ತದೆ. ಚಕ್ರದ ಅಂಕಿಯನ್ನು ಚಕ್ರದ ಅಂಕಿ ಎಂದೇ ಬರೆದಿಡಿ.

ಪಕ್ಕದಲ್ಲಿ ಅಂದಿನ ಉಷ್ಣತೆ, ವಾಯುಭಾರ, ಗೇರ್, ಇಂಧನದ ಮಟ್ಟ ಬರೆಯಿರಿ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ನೂರಕ್ಕೆ 3ರಷ್ಟು ಇಳಿಯುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಬೇರೆ ದಿನದ ಅಂಕಿಯ ಜೊತೆ ಹೋಲಿಸಬೇಕಾದರೆ ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು. ಎಂಜಿನ್ ಶಕ್ತಿ ಅಳೆಯಲು ಬಳಸುವ ಎಸ್‌ಎಇ ಜೆ1349 ಮಾನದಂಡದಲ್ಲಿ ಆ ಮಟ್ಟ 25 ಡಿಗ್ರಿ ಸೆಲ್ಸಿಯಸ್, 99 ಕಿಲೋಪ್ಯಾಸ್ಕಲ್. ಟರ್ಬೊ ಕಾರುಗಳಲ್ಲಿ ಈ ತಿದ್ದುಪಡಿ ನೇರವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಓಟಗಳ ನಡುವೆ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ತಣಿಯಲು ಒಂದೇ ಪ್ರಮಾಣದ ಸಮಯ ಕೊಡುವುದು ಹೆಚ್ಚು ಮುಖ್ಯ.

ಪ್ರತಿ ದಿಕ್ಕಿಗೂ ಮೂರು ಓಟವಾದರೂ ಬೇಕು. ಒಂದೇ ದಿಕ್ಕಿನ ಓಟಗಳು ತಮ್ಮತಮ್ಮಲ್ಲೇ 3 ಅಶ್ವಶಕ್ತಿಯಷ್ಟು ಹಿಂದುಮುಂದಾಗುತ್ತಿದ್ದರೆ, ಏರ್ ಫಿಲ್ಟರ್ ಬದಲಿಸಿದ ಮೇಲೆ ಕಂಡ 2 ಅಶ್ವಶಕ್ತಿಯ ಏರಿಕೆಗೆ ಫಿಲ್ಟರ್ ಕಾರಣ ಎನ್ನುವಂತಿಲ್ಲ. ಹಳೆಯ ಫಿಲ್ಟರ್ ಮತ್ತೆ ಹಾಕಿ, ಅದೇ ಹೊತ್ತಿನಲ್ಲಿ, ಅದೇ ರಸ್ತೆಯಲ್ಲಿ ಇನ್ನೊಮ್ಮೆ ಅಳೆಯಿರಿ.