ಸಾಂಟಾ ಕ್ಲಾರಾ ಕೌಂಟಿ: ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು

ಕ್ಯಾಲಿಫೋರ್ನಿಯಾದ ಈ ಕೌಂಟಿಯ ಸನ್ನಿವೇಲ್‌ನಲ್ಲಿ ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಮೇಲಿನ ಗುಂಡಿಗೆ ಕಾರಿನ ಟೈರು ಒಡೆಯಿತು ಅಂತಿಟ್ಟುಕೊಳ್ಳಿ. ನಗರಸಭೆಗೆ ದೂರು ಕೊಟ್ಟರೆ ಪ್ರಯೋಜನವಿಲ್ಲ. ಲಾರೆನ್ಸ್, ಸ್ಯಾನ್ ಟೋಮಸ್, ಮಾಂಟೆಗ್ಯೂ, ಸೆಂಟ್ರಲ್, ಫುಟ್‌ಹಿಲ್‌ನಂಥ ಎಕ್ಸ್‌ಪ್ರೆಸ್‌ವೇಗಳು ಯಾವ ಊರಿನೊಳಗೆ ಹಾದುಹೋದರೂ ಕೌಂಟಿಯ ರಸ್ತೆ ಇಲಾಖೆಗೆ ಸೇರಿದವು. ಅಲ್ಲೇ ಅಡ್ಡ ಬರುವ ಎಲ್ ಕಮೀನೊ ರಿಯಲ್ ರಾಜ್ಯ ಹೆದ್ದಾರಿ 82, ಅದರ ದೂರು ರಾಜ್ಯ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ಗೆ. ನಿಮ್ಮ ಮನೆ ಮುಂದಿನ ರಸ್ತೆಯೊಂದೇ ನಗರಸಭೆಯದು. ಕೆಲಸ ಆಗದೆ ಉಳಿಯುವುದು ಹೆಚ್ಚಾಗಿ ಹೀಗೆ ತಪ್ಪು ಬಾಗಿಲು ತಟ್ಟಿದ್ದರಿಂದ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳುವುದು ಸಹಜ, ಆದರೆ ಆ ಹೋಲಿಕೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಇಲ್ಲಿ ಜಿಲ್ಲಾಧಿಕಾರಿ ಇಲ್ಲ. ಕೌಂಟಿಯ ಆಡಳಿತ ನಡೆಸಲು ಐದು ಕ್ಷೇತ್ರಗಳಿಂದ ಐವರು ಸೂಪರ್‌ವೈಸರ್‌ಗಳನ್ನು ಜನರೇ ಆರಿಸುತ್ತಾರೆ. ಕೌಂಟಿ ಪೊಲೀಸ್ ಮುಖ್ಯಸ್ಥ ಶೆರಿಫ್, ಸರ್ಕಾರಿ ವಕೀಲ ಡಿಸ್ಟ್ರಿಕ್ಟ್ ಅಟಾರ್ನಿ, ಆಸ್ತಿಗೆ ಬೆಲೆ ಕಟ್ಟುವ ಅಸೆಸರ್ ಕೂಡ ಓಟಿನಿಂದಲೇ ಬಂದವರು. ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಸಾಲು, ಪೂರ್ವಕ್ಕೆ ಡಿಯಾಬ್ಲೊ ಸಾಲು ಮತ್ತು ಅದರ ಮೇಲೆ ಲಿಕ್ ವೀಕ್ಷಣಾಲಯ ಕೂತಿರುವ ಮೌಂಟ್ ಹ್ಯಾಮಿಲ್ಟನ್. ನಡುವಿನ ಕಣಿವೆಯಲ್ಲಿ ಉತ್ತರದ ಪಾಲೊ ಆಲ್ಟೊದಿಂದ ದಕ್ಷಿಣದ ಬೆಳ್ಳುಳ್ಳಿ ಊರು ಗಿಲ್‌ರಾಯ್‌ವರೆಗೆ 15 ಊರುಗಳು. 2020ರ ಜನಗಣತಿಯಂತೆ ಜನಸಂಖ್ಯೆ 19,36,259. ಅರ್ಧಕ್ಕಿಂತ ಹೆಚ್ಚು ಜನ ಸ್ಯಾನ್ ಹೋಸೆಯೊಂದರಲ್ಲೇ ಇದ್ದಾರೆ.

ಮೊದಲು ನಿಮ್ಮ ವಿಳಾಸ ಯಾರ್ಯಾರ ಕೈಕೆಳಗಿದೆ ಎಂದು ಪತ್ತೆ ಮಾಡಿ. ಅಂಚೆ ವಿಳಾಸದ ಊರನ್ನು ನಂಬಬೇಡಿ. ಸ್ಟ್ಯಾನ್‌ಫರ್ಡ್ ಕ್ಯಾಂಪಸ್ ಯಾವ ನಗರಕ್ಕೂ ಸೇರದ ಕೌಂಟಿ ನೆಲ. ಬರ್ಬ್ಯಾಂಕ್ ಬಡಾವಣೆಯ ಕಾಗದಗಳಿಗೆ ಸ್ಯಾನ್ ಹೋಸೆ ಎಂಬ ವಿಳಾಸವಿದ್ದರೂ ಅದು ಸ್ಯಾನ್ ಹೋಸೆ ನಗರಸಭೆಯ ಹೊರಗಿನ ದ್ವೀಪ. ಅಲ್ಲಿ ಮನೆಗೆ ಕೋಣೆ ಸೇರಿಸಲು ಪರವಾನಗಿ ಬೇಕಾದರೆ ಕೌಂಟಿಯ ಯೋಜನಾ ಇಲಾಖೆಗೆ ಹೋಗಬೇಕು. ಕ್ಯೂಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್‌ಗೆ ಸ್ವಂತ ಪೊಲೀಸರಿಲ್ಲ, ಗುತ್ತಿಗೆಯ ಮೇಲೆ ಶೆರಿಫ್ ಇಲಾಖೆಯೇ ನೋಡಿಕೊಳ್ಳುತ್ತದೆ. ಶಾಲೆಯ ಗಡಿ ಇನ್ನೂ ಬೇರೆ: ಲಿನ್‌ಬ್ರೂಕ್ ಹೈಸ್ಕೂಲು ಸ್ಯಾನ್ ಹೋಸೆಯಲ್ಲಿದೆ, ಆದರೆ ಫ್ರೀಮಾಂಟ್ ಯೂನಿಯನ್ ಶಾಲಾ ಜಿಲ್ಲೆಗೆ ಸೇರಿದ್ದು. ಆ ಜಿಲ್ಲೆಗೂ ಕೊಲ್ಲಿಯಾಚೆಯ ಫ್ರೀಮಾಂಟ್ ಊರಿಗೂ ಸಂಬಂಧವೇ ಇಲ್ಲ! ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಶಾಲಾ ಜಿಲ್ಲೆಯ ವೆಬ್‌ಸೈಟಿನಲ್ಲಿ ಮನೆ ನಂಬರು ಹಾಕಿ ನೋಡಿ, ದಲ್ಲಾಳಿಯ ಮಾತು ಸಾಲದು.

ಮನೆ ಕೊಂಡವರಿಗೆ ಕಂದಾಯದ ತಾರೀಖುಗಳು ಬಾಯಿಪಾಠ ಆಗಿರಬೇಕು. ಮೊದಲ ಕಂತು ನವೆಂಬರ್ 1ಕ್ಕೆ ಬಾಕಿಯಾಗಿ ಡಿಸೆಂಬರ್ 10ಕ್ಕೆ ಗಡುವು ಮುಗಿಯುತ್ತದೆ, ಎರಡನೆಯದು ಫೆಬ್ರವರಿ 1ರಿಂದ ಏಪ್ರಿಲ್ 10ರವರೆಗೆ. ತಪ್ಪಿದರೆ 10% ದಂಡ. ಬಿಲ್ಲು ಕೈಗೆ ಬರಲಿಲ್ಲ ಎಂಬ ಕಾರಣ ನಡೆಯದು, ನಿಮ್ಮ ಆಸ್ತಿಯ ಗುರುತಾದ ಪಾರ್ಸೆಲ್ ಸಂಖ್ಯೆ ಹಾಕಿ ಆನ್‌ಲೈನಿನಲ್ಲಿ ನೋಡಿಕೊಳ್ಳುವುದು ನಿಮ್ಮದೇ ಹೊಣೆ.

ಎಲ್ಲಕ್ಕಿಂತ ದೊಡ್ಡ ಏಟು ಸಪ್ಲಿಮೆಂಟಲ್ ಬಿಲ್ಲಿನದು, ಅಂದರೆ ಮನೆ ಕೊಂಡ ಮೇಲೆ ಬರುವ ಹೆಚ್ಚುವರಿ ತೆರಿಗೆ ಬಿಲ್ಲಿನದು. ಮತದಾರರು 1978ರಲ್ಲಿ ಒಪ್ಪಿದ ಪ್ರೊಪೊಸಿಷನ್ 13 ಎಂಬ ರಾಜ್ಯ ಕಾನೂನಿನ ಪ್ರಕಾರ ಹಳೆಯ ಮಾಲೀಕರ ತೆರಿಗೆ ಮೌಲ್ಯ ವರ್ಷಕ್ಕೆ 2%ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಕೈಬದಲಾದ ಕೂಡಲೇ ಅದು ಪೇಟೆಯ ಬೆಲೆಗೆ ಜಿಗಿಯುತ್ತದೆ. ಹಳೆಯ ಮೌಲ್ಯ 5 ಲಕ್ಷ ಡಾಲರ್, ನೀವು ಕೊಟ್ಟದ್ದು 15 ಲಕ್ಷ ಎಂದಿರಲಿ. ವ್ಯತ್ಯಾಸದ 10 ಲಕ್ಷಕ್ಕೆ 1.2% ತೆರಿಗೆ ಹಿಡಿದರೆ ವರ್ಷಕ್ಕೆ 12,000 ಡಾಲರ್. ಆರ್ಥಿಕ ವರ್ಷ ಮುಗಿಯುವುದು ಜೂನ್ 30ಕ್ಕೆ. ಮಾರ್ಚ್‌ನಲ್ಲಿ ಕೊಂಡರೆ ಲೆಕ್ಕ ಏಪ್ರಿಲ್ 1ರಿಂದ ಶುರು, ಅಂದರೆ ಉಳಿದ ಮೂರು ತಿಂಗಳಿಗೆ 3,000. ಜನವರಿಯಿಂದ ಮೇ ಒಳಗಿನ ಖರೀದಿಗೆ ಮುಂದಿನ ಇಡೀ ವರ್ಷದ ವ್ಯತ್ಯಾಸವೂ ಇನ್ನೊಂದು ಸಪ್ಲಿಮೆಂಟಲ್ ಬಿಲ್ಲಾಗಿ ಬರುತ್ತದೆ, ಅದು 12,000. ಸಾಲ ಕೊಟ್ಟ ಸಂಸ್ಥೆ ತಿಂಗಳ ಕಂತಿನ ಜೊತೆ ತೆರಿಗೆಯನ್ನೂ ಹಿಡಿಯುತ್ತಿದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಅವರು ಸಾಮಾನ್ಯವಾಗಿ ಕಟ್ಟುವುದು ವಾರ್ಷಿಕ ಬಿಲ್ಲು ಮಾತ್ರ. ಮನೆಗೆ ಸೋಫಾ ತರುವ ಮೊದಲೇ ಈ ಹಣ ಬದಿಗಿಡಿ.

ವಾಸದ ಮನೆಗೆ ಸಿಗುವ ವಿನಾಯಿತಿ ತೆರಿಗೆ ಮೌಲ್ಯದಲ್ಲಿ 7,000 ಡಾಲರ್, ಉಳಿತಾಯ ವರ್ಷಕ್ಕೆ ಸುಮಾರು 70. ಫೆಬ್ರವರಿ 15ರೊಳಗೆ ಅಸೆಸರ್ ಕಚೇರಿಗೆ ಅರ್ಜಿ ಕೊಟ್ಟರೆ ಪೂರ್ತಿ ಸಿಗುತ್ತದೆ, ಒಮ್ಮೆ ಕೊಟ್ಟರೆ ಸಾಕು. ಅರ್ಜಿ ಉಚಿತ. ದುಡ್ಡು ಕೇಳಿ ಬರುವ ಸರ್ಕಾರಿ ಠೀವಿಯ ಪತ್ರಗಳನ್ನು ಕಸದ ಬುಟ್ಟಿಗೆ ಹಾಕಿ.

ಮಗುವಿನ ಜನನ ಪತ್ರದ ವಿಷಯ. ಆಸ್ಪತ್ರೆಯವರು ಕೊಡುವ ಪುಟ್ಟ ಪಾದದ ಗುರುತಿನ ಚಂದದ ಕಾಗದ ಪಾಸ್‌ಪೋರ್ಟಿಗೂ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿಗೂ ನಡೆಯದು. ಕೌಂಟಿಯಿಂದ ಪ್ರಮಾಣಿತ ಪ್ರತಿ ತರಿಸಬೇಕು, ಅದೂ ಮನೆ ಇರುವ ಕೌಂಟಿಯದಲ್ಲ, ಹೆರಿಗೆ ಆದ ಕೌಂಟಿಯದು. ಮಿಲ್ಪಿಟಾಸ್‌ನವರು ಫ್ರೀಮಾಂಟ್‌ನಲ್ಲಿ ಹೆತ್ತರೆ ದಾಖಲೆ ಅಲಮೀಡಾ ಕೌಂಟಿಯಲ್ಲಿರುತ್ತದೆ. ಅರ್ಜಿಯಲ್ಲಿ ಅಧಿಕೃತ ಪ್ರತಿಯನ್ನೇ ಕೇಳಿ. ಮಾಹಿತಿ ಪ್ರತಿಯ ಮೇಲೆ ಗುರುತಿನ ದಾಖಲೆಗೆ ಸಲ್ಲದು ಎಂದೇ ಮುದ್ರೆ ಇರುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ಪ್ರಮಾಣ ಹೇಳಿಕೆಗೆ ನೋಟರಿ ಬೇಕು, ಅದಿಲ್ಲದೆ ಹೋದ ಅರ್ಜಿಗೆ ಅಧಿಕೃತ ಪ್ರತಿ ಸಿಗದು. ಒಮ್ಮೆಗೇ ಎರಡು ಮೂರು ಪ್ರತಿ ತರಿಸಿಕೊಳ್ಳುವುದು ಜಾಣತನ.

ಓಟು ಮತ್ತು ಜ್ಯೂರಿ (ನ್ಯಾಯಾಲಯದಲ್ಲಿ ತೀರ್ಪು ಹೇಳುವ ಜನಸಾಮಾನ್ಯರ ತಂಡ) ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವವರು ವಾಹನ ಇಲಾಖೆಯಾದ ಡಿಎಂವಿಯಲ್ಲಿ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆ ಎದುರಾಗುತ್ತದೆ, ನಿಧಾನವಾಗಿ ಓದಿ ಉತ್ತರಿಸಿ. ಪೌರನೆಂದು ತಪ್ಪಾಗಿ ಒತ್ತಿದ ಒಂದು ಗುಂಡಿ ಮುಂದೆ ಪೌರತ್ವದ ಅರ್ಜಿಯನ್ನೇ ಮುಳುಗಿಸಬಹುದು. ಜ್ಯೂರಿಯ ಕರೆ ಮಾತ್ರ ಪೌರರಲ್ಲದವರಿಗೂ ಬರುತ್ತದೆ, ಏಕೆಂದರೆ ಡಿಎಂವಿ ಪಟ್ಟಿಯಿಂದಲೂ ಹೆಸರು ಎತ್ತುತ್ತಾರೆ. ಹರಿದು ಎಸೆಯಬೇಡಿ, ಪೌರನಲ್ಲ ಎಂದು ಗುರುತು ಹಾಕಿ ವಾಪಸು ಕಳಿಸಿ. ಪೌರರಾದವರಿಗೆ ಚುನಾವಣೆಗೆ 29 ದಿನ ಮೊದಲಿನಿಂದ ಮತಪತ್ರ ಅಂಚೆಯಲ್ಲಿ ಹೊರಡುತ್ತದೆ. ಸಾಮಾನ್ಯ ನೋಂದಣಿಯ ಗಡುವು 15 ದಿನ ಮೊದಲು. ಲಕೋಟೆ ಸಿಕ್ಕಿಬೀಳುವುದು ಸಹಿಯಲ್ಲಿ: ಲೈಸೆನ್ಸಿನಲ್ಲಿ ಇಂಗ್ಲಿಷ್ ಸಹಿ ಮಾಡಿ ಲಕೋಟೆಯ ಮೇಲೆ ಕನ್ನಡದಲ್ಲಿ ಮಾಡಿದರೆ ಹೊಂದುವುದಿಲ್ಲ. ಸರಿಪಡಿಸಲು ಪತ್ರ ಬರುತ್ತದೆ, ಉತ್ತರಿಸದಿದ್ದರೆ ಓಟು ಎಣಿಕೆಗೆ ಬರುವುದಿಲ್ಲ. ಕೊನೆಯ ದಿನಕ್ಕೆ ಉಳಿದಿದ್ದರೆ ಅಂಚೆಗೆ ಹಾಕದೆ ಡ್ರಾಪ್ ಬಾಕ್ಸಿಗೇ ಹಾಕಿ.

ಓಟಿಲ್ಲದವರೂ ಮಾತಾಡಬಹುದು. ಸೂಪರ್‌ವೈಸರ್‌ಗಳ ಸಭೆ ನಡೆಯುವುದು ಸ್ಯಾನ್ ಹೋಸೆಯ 70 ವೆಸ್ಟ್ ಹೆಡಿಂಗ್ ಸ್ಟ್ರೀಟ್‌ನಲ್ಲಿ, ಸಾಮಾನ್ಯವಾಗಿ ಮಂಗಳವಾರ. ಸಾರ್ವಜನಿಕ ಸಭೆಗಳ ರಾಜ್ಯ ಕಾನೂನಾದ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಹೊರಬೀಳುತ್ತದೆ. ನಿಮ್ಮ ವಿಷಯದ ಕ್ರಮಸಂಖ್ಯೆ ಬರೆದುಕೊಂಡು ಹೋಗಿ, ಆ ಸಂಖ್ಯೆಗೇ ಹೆಸರು ಕೊಡಿ. ಸಿಗುವುದು ಒಂದೆರಡು ನಿಮಿಷ. ಹಾಗಾಗಿ ಮೊದಲ ವಾಕ್ಯದಲ್ಲೇ ಏನು ಬೇಕೆಂದು ಹೇಳಿಬಿಡಿ, ಪೀಠಿಕೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.